ಕ್ಯಾಮೆರಾದಲ್ಲೇ ಸ್ಟಾರ್ ಕೊಡುವುದು ಹೇಗೆ: ಮದುವೆ, ಜಾತ್ರೆ ಫೋಟೊಗಳ ಆಯ್ಕೆ ಬೇಗ ಮುಗಿಸುವ ಕ್ರಮ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಫೋಟೊಗ್ರಾಫರ್ ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಒಂದೇ: “ಬಣ್ಣ ತಿದ್ದೋದು ಬೇಗ ಮುಗಿತದ, ಫೋಟೊ ಆರಿಸೋದರೊಳಗ ಎರಡು ದಿನ ಹೋಗ್ತಾವ. ಏನು ಮಾಡಬೇಕು?” ಲಗ್ನದ ಸೀಸನ್‌ನಲ್ಲಿ ಒಂದರ ಮೇಲೊಂದು ಕೆಲಸ ಬಂದಾಗ ಈ ಎರಡು ದಿನವೇ ಆಲ್ಬಮ್ಮನ್ನು ತಿಂಗಳುಗಟ್ಟಲೆ ಹಿಂದಕ್ಕೆ ತಳ್ಳುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಮದುವೆಯಲ್ಲಿ 2,400 ಫ್ರೇಮ್ ಹೊಡೆದಿದ್ದೀರಿ ಎಂದುಕೊಳ್ಳಿ. ಒಂದೊಂದನ್ನು ನಾಲ್ಕೇ ಸೆಕೆಂಡು ನೋಡಿದರೂ 9,600 ಸೆಕೆಂಡು, ಅಂದರೆ 2 ತಾಸು 40 ನಿಮಿಷ. ಇದು ಒಂದು ಸುತ್ತು ಮಾತ್ರ. ಒಂದೇ ಸುತ್ತಿನಲ್ಲಿ ಯಾರ ಆಯ್ಕೆಯೂ ಮುಗಿಯುವುದಿಲ್ಲ. ಮುಂದಿನ ಸುತ್ತುಗಳಲ್ಲಿ ಒಂದೇ ತರಹದ ಹತ್ತು ಫೋಟೊ ಎದುರಿಗಿಟ್ಟುಕೊಂಡು “ಇದೋ ಅದೋ” ಎಂದು ತೂಗುವುದಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ಆದರೆ ಆ ಹತ್ತರಲ್ಲಿ ಯಾವುದು ಒಳ್ಳೆಯದು ಎಂಬುದು ಶಟರ್ ಒತ್ತಿದ ಗಳಿಗೆಯಲ್ಲೇ ನಿಮಗೆ ಗೊತ್ತಿತ್ತು. ಮೂರು ದಿನ ಬಿಟ್ಟು ಕಂಪ್ಯೂಟರ್ ಮುಂದೆ ಕೂತಾಗ ಅದು ಮರೆತಿರುತ್ತದೆ. ಆ ತಿಳಿವಳಿಕೆ ಆರುವ ಮುಂಚೆಯೇ ಫೈಲಿನ ಮೇಲೆ ಗುರುತು ಹಾಕಿಬಿಡುವುದು ಈ ಕ್ರಮದ ತಿರುಳು.

ರೇಟಿಂಗ್ ಎಂದರೆ ಫೋಟೊಗೆ ಒಂದರಿಂದ ಐದರವರೆಗೆ ಸ್ಟಾರ್ ಕೊಡುವುದು. ಈ ಅಂಕಿ ಫೋಟೊ ಫೈಲಿನೊಳಗಿನ ಮೆಟಾಡೇಟಾದಲ್ಲಿ ಕೂರುತ್ತದೆ. ಮೆಟಾಡೇಟಾ ಎಂದರೆ ಫೋಟೊ ತೆಗೆದ ಹೊತ್ತು, ಲೆನ್ಸ್, ಐಎಸ್ಒ ಮುಂತಾದ ವಿವರಗಳ ಚೀಟಿ. ಈ ಚೀಟಿ ಫೈಲಿನ ಜೊತೆಗೇ ಸಾಗುವುದರಿಂದ ಲೈಟ್‌ರೂಮ್, ಬ್ರಿಡ್ಜ್, ಫೋಟೊ ಮೆಕ್ಯಾನಿಕ್‌ನಂಥ ಸಾಫ್ಟ್‌ವೇರ್ ಅದನ್ನು ಓದಿಕೊಳ್ಳುತ್ತವೆ. ಫೋಟೊದ ಗುಣಮಟ್ಟಕ್ಕೆ ಇದರಿಂದ ಯಾವ ಧಕ್ಕೆಯೂ ಇಲ್ಲ.

ಬೇಕಾದದ್ದು

ರೇಟಿಂಗ್ ಇರುವ ಕ್ಯಾಮೆರಾ, ಒಂದು ಹೆಚ್ಚುವರಿ ಬ್ಯಾಟರಿ, ರೇಟಿಂಗ್ ಓದುವ ಸಾಫ್ಟ್‌ವೇರ್. ಬ್ಯಾಟರಿಯನ್ನು ಸುಮ್ಮನೆ ಹೇಳುತ್ತಿಲ್ಲ. ಪರದೆ ಉರಿಸಿ ಫೋಟೊ ನೋಡಿದಷ್ಟೂ ಚಾರ್ಜ್ ಇಳಿಯುತ್ತದೆ, ಮಿರರ್‌ಲೆಸ್ ಕ್ಯಾಮೆರಾದಲ್ಲಿ ಅದು ಬೇಗ ಗೊತ್ತಾಗುತ್ತದೆ. ಹಗಲು ಪೂರ್ತಿ ನಡೆಯುವ ಕಾರ್ಯಕ್ರಮಕ್ಕೆ ಎರಡು ಬ್ಯಾಟರಿ ಸಾಲುತ್ತಿದ್ದರೆ ಮೂರು ಒಯ್ಯಿರಿ.

ಹಂತ 1: ಸ್ಟಾರ್‌ಗೆ ಅರ್ಥ ಕೊಡಿ

ಹೆಚ್ಚಿನವರು ಸೋಲುವುದು ಇಲ್ಲಿಯೇ. ಐದೂ ಸ್ಟಾರ್ ಇವೆ ಎಂದು ಐದೂ ಬಳಸಲು ಹೋಗುತ್ತಾರೆ. ಪರೀಕ್ಷೆಯ ಪೇಪರ್ ತಿದ್ದಿದ ಹಾಗೆ “ಇದಕ್ಕೆ ಮೂರೋ ನಾಲ್ಕೋ” ಎಂದು ಯೋಚಿಸುತ್ತ ನಿಂತಾಗ ಮುಂದಿನ ಶಾಸ್ತ್ರ ಶುರುವಾಗಿರುತ್ತದೆ. ಕ್ಯಾಮೆರಾದಲ್ಲಿ ಎರಡೇ ಸ್ಟಾರ್ ಬಳಸಿ:

ಒಂದು ಸ್ಟಾರ್: ಇದು ಬೇಕು.
ಎರಡು ಸ್ಟಾರ್: ಇದು ಇವತ್ತು ರಾತ್ರಿಯೇ ಕೊಡಬೇಕು. ಮನೆಯವರು ಸ್ಟೇಟಸ್‌ಗೆ ಕೇಳಿದ್ದು, ಪತ್ರಿಕೆಗೆ ಕಳಿಸಬೇಕಾದದ್ದು ಇತ್ಯಾದಿ.

ಮೂರು, ನಾಲ್ಕು, ಐದು ಸ್ಟಾರ್‌ಗಳನ್ನು ಕಂಪ್ಯೂಟರ್‌ಗೆ ಮೀಸಲಿಡಿ. ಇದಕ್ಕೆ ಎರಡು ಕಾರಣ. ಹಲವು ಕ್ಯಾಮೆರಾಗಳಲ್ಲಿ ರೇಟಿಂಗ್ ಬಟನ್ ಒಂದೊಂದು ಸಲ ಒತ್ತಿದಾಗಲೂ ಒಂದೊಂದೇ ಸ್ಟಾರ್ ಏರುತ್ತದೆ. ಐದಕ್ಕೆ ಹೋಗಲು ಐದು ಸಲ ಒತ್ತಬೇಕು, ತಪ್ಪಿ ಇನ್ನೊಮ್ಮೆ ಒತ್ತಿದರೆ ಸ್ಟಾರ್ ಪೂರ್ತಿ ಹೋಗಿಬಿಡುತ್ತದೆ. ಎರಡನೆಯ ಕಾರಣ ಇನ್ನೂ ಮುಖ್ಯ: ಮುಂದೆ ಲೈಟ್‌ರೂಮ್‌ನಲ್ಲಿ ನೋಡುವಾಗ ಒಂದು, ಎರಡು ಇದ್ದರೆ ಅದು ಸ್ಥಳದಲ್ಲಿ ಹಾಕಿದ್ದು, ಮೂರರಿಂದ ಮೇಲಿದ್ದರೆ ದೊಡ್ಡ ಪರದೆಯಲ್ಲಿ ನೋಡಿ ಹಾಕಿದ್ದು ಎಂಬುದು ಗೊಂದಲವಿಲ್ಲದೆ ತಿಳಿಯುತ್ತದೆ.

ನಿಮ್ಮ ಜೊತೆ ಇನ್ನೊಬ್ಬ ಫೋಟೊಗ್ರಾಫರ್ ಇದ್ದರೆ ಅವರಿಗೂ ಇದನ್ನೇ ಮೊದಲು ಹೇಳಿ. ಒಬ್ಬರ ಒಂದು ಸ್ಟಾರ್ “ಬೇಕು” ಎಂದೂ, ಇನ್ನೊಬ್ಬರ ಒಂದು ಸ್ಟಾರ್ “ಬೇಡ” ಎಂದೂ ಆದರೆ ಎಲ್ಲವೂ ಕಲಸಿಹೋಗುತ್ತದೆ. ಇಬ್ಬರ ಕ್ಯಾಮೆರಾದ ಗಡಿಯಾರವನ್ನೂ ಆಗಲೇ ಒಂದೇ ಸಮಯಕ್ಕೆ ಹೊಂದಿಸಿ.

ಇನ್ನೊಂದು ನಿಯಮವನ್ನು ಗಟ್ಟಿಯಾಗಿ ಹಿಡಿಯಿರಿ: ಸ್ಟಾರ್ ಕೊಡುವುದು ಬೇಕಾದದ್ದಕ್ಕೆ ಮಾತ್ರ. ಕೆಟ್ಟದ್ದನ್ನು ಹುಡುಕಿ ಗುರುತಿಸಲು ಹೋಗಬೇಡಿ. 2,400ರಲ್ಲಿ 200 ಒಳ್ಳೆಯದನ್ನು ಗುರುತಿಸಲು 200 ಸಲ ಬಟನ್ ಒತ್ತಿದರೆ ಸಾಕು. ಕೆಟ್ಟದ್ದನ್ನು ಗುರುತಿಸಲು ಹೊರಟರೆ 2,200 ಸಲ ಒತ್ತಬೇಕು.

ಹಂತ 2: ಬಟನ್ ಹೊಂದಿಸಿ

ಮೆನುವಿನೊಳಗೆ ಹೊಕ್ಕು ಸ್ಟಾರ್ ಕೊಡುವ ಹಾಗಿದ್ದರೆ ಎರಡೇ ದಿನದಲ್ಲಿ ಬೇಸರವಾಗಿ ಬಿಟ್ಟುಬಿಡುತ್ತೀರಿ. ಬೆರಳಿಗೆ ಸಿಗುವ ಬಟನ್ ಬೇಕು.

ಕ್ಯಾನನ್: 5ಡಿ ಮಾರ್ಕ್ 3, 5ಡಿ ಮಾರ್ಕ್ 4, 7ಡಿ ಮಾರ್ಕ್ 2, ಆರ್5ಗಳಲ್ಲಿ ಇದಕ್ಕೆಂದೇ ‘ರೇಟ್’ ಬಟನ್ ಇದೆ. ಇದೇ ಬಟನ್ನನ್ನು ಮೆನುವಿನಲ್ಲಿ ‘ಪ್ರೊಟೆಕ್ಟ್’, ಅಂದರೆ ಫೋಟೊ ಡಿಲೀಟ್ ಆಗದಂತೆ ಬೀಗ ಹಾಕುವ ಕೆಲಸಕ್ಕೂ ಬದಲಿಸಬಹುದು. ಆದ್ದರಿಂದ ಸೆಕೆಂಡ್‌ಹ್ಯಾಂಡ್ ಬಾಡಿ ಕೊಂಡವರು ಹಿಂದಿನ ಮಾಲೀಕರು ಏನು ಇಟ್ಟಿದ್ದಾರೆ ಎಂದು ನೋಡಿಕೊಳ್ಳಿ. 1500ಡಿ, 200ಡಿ ಮಾರ್ಕ್ 2 ತರಹದ ಬಾಡಿಗಳಲ್ಲಿ ಪ್ರತ್ಯೇಕ ಬಟನ್ ಇಲ್ಲ. ಫೋಟೊ ತೆರೆದು ‘ಕ್ಯೂ’ ಒತ್ತಿ, ರೇಟಿಂಗ್‌ಗೆ ಹೋಗಿ, ಎಡ–ಬಲ ಬಾಣದಿಂದ ಸ್ಟಾರ್ ಆರಿಸಬೇಕು.

ನಿಕಾನ್: ಡಿ7500, ಡಿ850, ಝಡ್6 2 ಮುಂತಾದವುಗಳಲ್ಲಿ ಫೋಟೊ ತೆರೆದು ‘ಐ’ ಬಟನ್ ಒತ್ತಿದರೆ ರೇಟಿಂಗ್ ಸಿಗುತ್ತದೆ. ಡಿ500, ಡಿ850 ತರಹದ ಮೇಲ್ದರ್ಜೆಯ ಬಾಡಿಗಳಲ್ಲಿ ಕಸ್ಟಮ್ ಕಂಟ್ರೋಲ್ ಮೆನುವಿಗೆ ಹೋಗಿ ಒಂದು ಎಫ್‌ಎನ್ ಬಟನ್‌ಗೆ ರೇಟಿಂಗ್ ಕೆಲಸ ಒಪ್ಪಿಸಬಹುದು. ಇದನ್ನು ಖಂಡಿತ ಮಾಡಿ. ನಿಕಾನ್‌ನಲ್ಲಿ ಪ್ರೊಟೆಕ್ಟ್ ಮಾಡಿದ ಫೋಟೊಗೆ ಸ್ಟಾರ್ ಕೊಡಲಾಗದು. ಬಟನ್ ಕೆಲಸ ಮಾಡುತ್ತಿಲ್ಲ ಎನ್ನಿಸಿದರೆ ಫೋಟೊದ ಮೇಲೆ ಕೀಲಿಯ ಗುರುತಿದೆಯೇ ನೋಡಿ.

ಸೋನಿ: ಎ7 3, ಎ7 4, ಎ6400ಗಳಲ್ಲಿ ಪ್ಲೇಬ್ಯಾಕ್ ಮೆನುವಿನಲ್ಲಿ ರೇಟಿಂಗ್ ಇದೆ. ಕಸ್ಟಮ್ ಕೀ ಪುಟದಲ್ಲಿ ಪ್ಲೇಬ್ಯಾಕ್‌ಗೆ ಸೇರಿದ ಭಾಗಕ್ಕೆ ಹೋಗಿ ಒಂದು ಬಟನ್‌ಗೆ ರೇಟಿಂಗ್ ಇಡಿ. ಜೊತೆಗೆ ‘ರೇಟಿಂಗ್ ಸೆಟ್’ ಎಂಬ ಆಯ್ಕೆಯಲ್ಲಿ 1 ಮತ್ತು 2ನ್ನು ಮಾತ್ರ ಉಳಿಸಿ ಮಿಕ್ಕ ಟಿಕ್ ತೆಗೆಯಿರಿ. ಆಗ ಬಟನ್ ಒತ್ತಿದಂತೆ ಆ ಎರಡರ ನಡುವೆಯೇ ಸುತ್ತುತ್ತದೆ, ಅಪ್ಪಿತಪ್ಪಿ ಐದು ಬೀಳುವುದಿಲ್ಲ. ನಮ್ಮ ಕ್ರಮಕ್ಕೆ ಹೇಳಿ ಮಾಡಿಸಿದ ಸೌಲಭ್ಯ ಇದು.

ಫ್ಯೂಜಿಯಲ್ಲೂ ರೇಟಿಂಗ್ ಇದೆ. ಆದರೆ ಹಂತ 4ರ ಪರೀಕ್ಷೆ ಮಾಡಿ, ನಿಮ್ಮ ಮಾದರಿಯ ಸ್ಟಾರ್ ಕಂಪ್ಯೂಟರ್‌ವರೆಗೆ ಬರುತ್ತದೆ ಎಂದು ಖಾತ್ರಿಯಾದ ಮೇಲೆಯೇ ಕೆಲಸಕ್ಕೆ ಬಳಸಿ.

ಹಂತ 3: ಜೂಮ್ ಒಂದೇ ಒತ್ತಿಗೆ ಫೋಕಸ್ ಜಾಗಕ್ಕೆ ಹೋಗಲಿ

ಮೂರು ಇಂಚಿನ ಪರದೆಯಲ್ಲಿ ಪೂರ್ತಿ ಫೋಟೊ ನೋಡಿದರೆ ಎಲ್ಲವೂ ಶಾರ್ಪ್ ಆಗಿಯೇ ಕಾಣುತ್ತದೆ. ಕಣ್ಣು ಮಸುಕಾಗಿರುವುದು ಹಿಗ್ಗಿಸಿದಾಗಲೇ ಗೊತ್ತಾಗುವುದು. ಕ್ಯಾನನ್‌ನ ಮೆನುವಿನಲ್ಲಿ ಮ್ಯಾಗ್ನಿಫಿಕೇಶನ್‌ಗೆ ‘ಆಯ್ದ ಪಾಯಿಂಟ್‌ನಿಂದ ಅಸಲಿ ಗಾತ್ರ’ ಎಂಬ ಅರ್ಥದ ಆಯ್ಕೆ ಇರುತ್ತದೆ. ಸೋನಿಯಲ್ಲಿ ಹಿಗ್ಗಿಸುವ ಆರಂಭದ ಜಾಗವನ್ನು ‘ಫೋಕಸ್ಡ್ ಪೊಸಿಶನ್’ ಎಂದು ಇಡಿ. ನಿಕಾನ್‌ನ ಮೇಲ್ದರ್ಜೆಯ ಬಾಡಿಗಳಲ್ಲಿ ನಡುವಿನ ಬಟನ್‌ಗೆ ಪ್ಲೇಬ್ಯಾಕ್‌ನಲ್ಲಿ ಶೇ 100 ಜೂಮ್ ಕೊಡಬಹುದು. ಇಷ್ಟು ಮಾಡಿದರೆ ಒಂದು ಒತ್ತಿಗೆ ಮದುಮಗಳ ಕಣ್ಣು ಪರದೆ ತುಂಬ ಬರುತ್ತದೆ, ಇನ್ನೊಂದು ಒತ್ತಿಗೆ ಹಿಂದಕ್ಕೆ ಹೋಗುತ್ತದೆ. ಬಾಣದ ಬಟನ್‌ನಿಂದ ಮುಖ ಹುಡುಕುತ್ತ ಅಲೆಯುವುದು ತಪ್ಪುತ್ತದೆ.

ಬೆಳಕಿನ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಭಾಗದ ಬಿಸಿಲಿನಲ್ಲಿ ಪರದೆ ಕಪ್ಪಗೆ ಕಾಣುತ್ತದೆ. ಅದನ್ನು ನಂಬಿ ಒಳ್ಳೆಯ ಫೋಟೊವನ್ನು ಕತ್ತಲಾಗಿದೆ ಎಂದು ಬಿಟ್ಟುಬಿಡುತ್ತೀರಿ. ಮಿರರ್‌ಲೆಸ್ ಇದ್ದವರು ಹೊರಗೆ ಇರುವಾಗ ವ್ಯೂಫೈಂಡರ್‌ಗೆ ಕಣ್ಣಿಟ್ಟು ಪ್ಲೇಬ್ಯಾಕ್ ನೋಡಿ. ಡಿಎಸ್‌ಎಲ್‌ಆರ್ ಇದ್ದವರು ಪರದೆಯ ಹೊಳಪು ಏರಿಸಿಕೊಳ್ಳಿ, ಸಂಜೆಗೆ ಮರೆಯದೆ ಇಳಿಸಿ. ಇಳಿಸದಿದ್ದರೆ ರಾತ್ರಿಯ ಮೆರವಣಿಗೆಯ ಫೋಟೊಗಳೆಲ್ಲ ಬೆಳಕು ಹೆಚ್ಚಾದಂತೆ ಕಾಣುತ್ತವೆ, ನೀವು ಎಕ್ಸ್‌ಪೋಶರ್ ಇಳಿಸುತ್ತ ಹೋಗುತ್ತೀರಿ. ಪರದೆಯಲ್ಲಿ ಕಾಣುವುದು ರಾ ಫೈಲಿನೊಳಗೆ, ಅಂದರೆ ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಇಟ್ಟ ಫೈಲಿನೊಳಗೆ, ಕ್ಯಾಮೆರಾ ಅಡಗಿಸಿದ ಜೆಪೆಗ್ ಪ್ರತಿ ಎಂಬುದೂ ನೆನಪಿರಲಿ. ಬಣ್ಣ, ಬೆಳಕನ್ನು ಅದರಲ್ಲಿ ಅಳೆಯಬೇಡಿ. ಮುಖಭಾವ, ಗಳಿಗೆ, ಫೋಕಸ್ ಈ ಮೂರನ್ನು ಮಾತ್ರ ನೋಡಿ ಸ್ಟಾರ್ ಕೊಡಿ.

ಹಂತ 4: ಹತ್ತು ಫ್ರೇಮ್‌ನ ಪರೀಕ್ಷೆ

ಕಾರ್ಯಕ್ರಮದ ಹಿಂದಿನ ದಿನ ಮನೆಯಲ್ಲೇ ಹತ್ತು ಫೋಟೊ ಹೊಡೆಯಿರಿ. ಮೂರಕ್ಕೆ ಒಂದು ಸ್ಟಾರ್, ಎರಡಕ್ಕೆ ಎರಡು ಸ್ಟಾರ್ ಕೊಡಿ. ಕಾರ್ಡನ್ನು ಕಂಪ್ಯೂಟರ್‌ಗೆ ಹಾಕಿ ಸ್ಟಾರ್ ಬಂದಿದೆಯೇ ನೋಡಿ. ಕಾರ್ಯಕ್ರಮದಲ್ಲಿ ಹೇಗೆ ಹೊಡೆಯುತ್ತೀರೋ ಹಾಗೆಯೇ ಪರೀಕ್ಷಿಸಿ: ರಾ ಮತ್ತು ಜೆಪೆಗ್ ಎರಡೂ ಹೊಡೆಯುವವರು ಎರಡೂ, ಎರಡು ಕಾರ್ಡ್ ಬಳಸುವವರು ಎರಡೂ ಕಾರ್ಡ್ ಹಾಕಿಯೇ.

ಎರಡು ಕಾರ್ಡ್‌ನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಎರಡನೆಯ ಕಾರ್ಡ್‌ಗೆ ಬ್ಯಾಕಪ್ ಹೋಗುತ್ತಿದ್ದರೆ ಸ್ಟಾರ್ ಬೀಳುವುದು ನೀವು ಆಗ ತೆರೆದು ನೋಡುತ್ತಿರುವ ಕಾರ್ಡಿನ ಪ್ರತಿಗೆ ಮಾತ್ರ ಇರಬಹುದು. ಮನೆಗೆ ಬಂದು ಇನ್ನೊಂದು ಕಾರ್ಡ್ ಕಾಪಿ ಮಾಡಿದರೆ ಒಂದು ಸ್ಟಾರ್ ಕೂಡ ಕಾಣದು. ಪರೀಕ್ಷೆಯಲ್ಲಿ ಹೀಗಾದರೆ, ಪ್ಲೇಬ್ಯಾಕ್‌ಗೆ ಯಾವ ಕಾರ್ಡ್ ಇಟ್ಟಿದ್ದೀರಿ ಎಂದು ನೋಡಿ ಅದರ ಮೇಲೆ ಗುರುತಿನ ಚೀಟಿ ಅಂಟಿಸಿ. ಆ ಕಾರ್ಡನ್ನೇ ಕಾಪಿ ಮಾಡಬೇಕು.

ಹಂತ 5: ಸ್ಥಳದಲ್ಲಿ ಯಾವಾಗ, ಹೇಗೆ

ಹೊಡೆಯುವ ಹೊತ್ತಿನಲ್ಲಿ ಹೊಡೆಯಿರಿ, ಬಿಡುವಿನ ಹೊತ್ತಿನಲ್ಲಿ ಆರಿಸಿ. ಅಕ್ಕಿಕಾಳು ಬೀಳುವ ಗಳಿಗೆಯಲ್ಲಿ ತಲೆ ತಗ್ಗಿಸಿ ಪರದೆ ನೋಡುತ್ತಿದ್ದರೆ ಆ ಗಳಿಗೆ ಮತ್ತೆ ಬರುವುದಿಲ್ಲ. ಮದುವೆಯಲ್ಲಿ ಬಿಡುವಿಗೆ ಕೊರತೆಯಿಲ್ಲ: ಅರಿಷಿಣವಾಗಿ ಮದುಮಗಳು ಸೀರೆ ಬದಲಿಸಲು ಹೋದಾಗ, ಬೀಗರು ಬರುವುದು ತಡವಾದಾಗ, ಮೆರವಣಿಗೆಗೆ ಬ್ಯಾಂಡಿನವರು ಹೊಂದಿಸಿಕೊಳ್ಳುವಾಗ, ಊಟದ ಪಂಕ್ತಿಯಲ್ಲಿ ಕೂತು ಎಲೆಗೆ ಬಡಿಸುವವರೆಗೆ. ಐದೈದು ನಿಮಿಷ ಸಿಕ್ಕರೂ ಹಿಂದಿನ ಶಾಸ್ತ್ರದ ಆಯ್ಕೆ ಮುಗಿಯುತ್ತದೆ.

ಕೆಲಸ ಮಾಡುವ ರೀತಿ ಹೀಗೆ. ಕೊನೆಯ ಫೋಟೊದಿಂದ ಶುರು ಮಾಡಿ ಹಿಂದಕ್ಕೆ ಹೋಗಿ. ಒಂದೇ ದೃಶ್ಯವನ್ನು ಹಲವು ಸಲ ಹೊಡೆದಿದ್ದರೆ ಕೊನೆಕೊನೆಯ ಫ್ರೇಮ್‌ಗಳಲ್ಲೇ ಸಾಮಾನ್ಯವಾಗಿ ಎಲ್ಲವೂ ಕೂಡಿಬಂದಿರುತ್ತದೆ, ಏಕೆಂದರೆ ಸರಿ ಬಂದ ಮೇಲೆಯೇ ನೀವು ನಿಲ್ಲಿಸಿದ್ದು. ಜೂಮ್ ಒತ್ತಿ ಕಣ್ಣು ನೋಡಿ, ಸ್ಟಾರ್ ಒತ್ತಿ, ಆ ಗುಂಪಿನ ಮಿಕ್ಕ ಫ್ರೇಮ್‌ಗಳನ್ನು ದಾಟಿಬಿಡಿ. ಒಂದು ಗುಂಪಿಗೆ ಒಂದು, ಹೆಚ್ಚೆಂದರೆ ಎರಡು. ಮನಸ್ಸು ತೂಗಾಡಿದರೆ ಎರಡಕ್ಕೂ ಕೊಟ್ಟು ಮುಂದೆ ಹೋಗಿ, ತೀರ್ಮಾನ ದೊಡ್ಡ ಪರದೆಗೆ ಬಿಡಿ.

ವೇದಿಕೆಯ ಗ್ರೂಪ್ ಫೋಟೊ ಮಾತ್ರ ಇದಕ್ಕೆ ಹೊರತು. ಅದನ್ನು ಆಗಲೇ, ಜನ ಕೆಳಗಿಳಿಯುವ ಮುಂಚೆ ಜೂಮ್ ಮಾಡಿ ನೋಡಿ. ಹದಿನೈದು ಜನರಲ್ಲಿ ಒಬ್ಬರು ಕಣ್ಣು ಮುಚ್ಚಿದ್ದರೂ ಇನ್ನೊಮ್ಮೆ ಹೊಡೆಯಬಹುದು. ಸರಿ ಇದ್ದದ್ದಕ್ಕೆ ಅಲ್ಲೇ ಸ್ಟಾರ್ ಕೊಡಿ. ಸೋದರಮಾವನ ಮನೆಯವರ ಫೋಟೊ ಸರಿಯಾಗಿಲ್ಲ ಎಂಬುದು ಆಲ್ಬಂ ಮಾಡುವಾಗ ಗೊತ್ತಾದರೆ ಅದಕ್ಕೆ ಮದ್ದಿಲ್ಲ.

ಜಾತ್ರೆಯ ಲೆಕ್ಕ ಬೇರೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ತೇರು ಜನವರಿಯ ಸಂಜೆ ಬೆಳಕಿನಲ್ಲಿ ಸಾಗುತ್ತದೆ, ಬೆಳಕು ನಿಮಿಷ ನಿಮಿಷಕ್ಕೂ ಇಳಿಯುತ್ತದೆ. ಜನ ಉತ್ತತ್ತಿ ಎಸೆಯುವುದನ್ನು ಹಿಡಿಯಲು ಬರ್ಸ್ಟ್‌ನಲ್ಲಿ, ಅಂದರೆ ಬಟನ್ ಒತ್ತಿ ಹಿಡಿದು ಒಂದೇ ಸಮನೆ ಹೊಡೆಯುವ ಕ್ರಮದಲ್ಲಿ, ಸೆಕೆಂಡಿಗೆ ಹತ್ತರಂತೆ ಮೂರು ಸೆಕೆಂಡು ಹೊಡೆದರೆ 30 ಫ್ರೇಮ್. ತೇರು ಸಾಗುವವರೆಗೂ ಪರದೆ ಮುಟ್ಟಬೇಡಿ. ಆ ಗದ್ದಲದಲ್ಲಿ ಕಣ್ಣು ಪರದೆಗೆ ಹೋದರೆ ಫೋಟೊವೂ ತಪ್ಪುತ್ತದೆ, ಜನರ ಕಾಲ್ತುಳಿತಕ್ಕೂ ಸಿಕ್ಕುತ್ತೀರಿ. ತೇರು ನಿಂತು ಪಕ್ಕಕ್ಕೆ ಬಂದ ಮೇಲೆ, ಪ್ರತಿ 30ರಲ್ಲಿ ಒಂದಕ್ಕೆ ಸ್ಟಾರ್ ಕೊಡಿ. ಪತ್ರಿಕೆಗೆ ಕಳಿಸುವ ನಾಲ್ಕೈದಕ್ಕೆ ಎರಡು ಸ್ಟಾರ್. ಮುದಗಲ್ಲಿನ ಮೊಹರಂನಂಥ ರಾತ್ರಿ ಆಚರಣೆಗೂ ಇದೇ ಕ್ರಮ.

ದರೋಜಿ ಕರಡಿಧಾಮದಂಥ ಕಡೆ ದೂರದಿಂದ ಟೆಲಿ ಲೆನ್ಸ್‌ನಲ್ಲಿ ಹೊಡೆಯುವವರು ಸ್ವಲ್ಪ ಉದಾರವಾಗಿರಿ. ಮಧ್ಯಾಹ್ನ ಕಾದ ಬಂಡೆಗಳಿಂದ ಏಳುವ ಬಿಸಿಗಾಳಿ ದೂರದ ಚಿತ್ರವನ್ನು ಅಲುಗಿಸುತ್ತದೆ. ಒಂದು ಫ್ರೇಮ್ ಶಾರ್ಪ್, ಪಕ್ಕದ್ದು ಮಂಕು, ಫೋಕಸ್ ಎರಡರಲ್ಲೂ ಸರಿಯೇ. ಈ ಸೂಕ್ಷ್ಮ ಸಣ್ಣ ಪರದೆಯಲ್ಲಿ ಪೂರ್ತಿ ತಿಳಿಯುವುದಿಲ್ಲ. ಕರಡಿ ತಲೆ ಎತ್ತಿದ ಭಂಗಿ ಚೆನ್ನಾಗಿದ್ದರೆ ಅಕ್ಕಪಕ್ಕದ ಮೂರ್ನಾಲ್ಕಕ್ಕೂ ಒಂದೊಂದು ಸ್ಟಾರ್ ಕೊಟ್ಟು ಬಿಡಿ.

ಬರ್ಸ್ಟ್ ಆದ ಕೂಡಲೇ ಪ್ಲೇಬ್ಯಾಕ್ ತೆರೆದರೆ ಕ್ಯಾಮೆರಾ ತಡವರಿಸುತ್ತದೆ. ಫೋಟೊಗಳು ಬಫರ್‌ನಿಂದ, ಅಂದರೆ ಕ್ಯಾಮೆರಾದ ತಾತ್ಕಾಲಿಕ ನೆನಪಿನಿಂದ, ಇನ್ನೂ ಕಾರ್ಡಿಗೆ ಇಳಿಯುತ್ತಿರುತ್ತವೆ. ಕಾರ್ಡ್‌ನ ದೀಪ ಆರುವವರೆಗೆ ಕಾಯಿರಿ. ಸ್ಟಾರ್ ಕೊಡುವುದೂ ಕಾರ್ಡಿನ ಮೇಲೆ ಬರೆಯುವ ಕೆಲಸವೇ. ಆ ದೀಪ ಉರಿಯುವಾಗ ಕಾರ್ಡ್ ಅಥವಾ ಬ್ಯಾಟರಿ ತೆಗೆದರೆ ಫೈಲ್ ಕೆಡಬಹುದು.

ಮತ್ತು ಸ್ಥಳದಲ್ಲಿ ಡಿಲೀಟ್ ಮಾಡಲೇಬೇಡಿ. ಅವಸರದಲ್ಲಿ ಪಕ್ಕದ ಫೋಟೊ ಹೋಗಿಬಿಡುತ್ತದೆ. ಅಳಿಸುವುದರಿಂದ ಉಳಿಯುವ ಜಾಗಕ್ಕಿಂತ ಇನ್ನೊಂದು ಕಾರ್ಡ್ ಅಗ್ಗ.

ಹಂತ 6: ಕಂಪ್ಯೂಟರ್‌ಗೆ ತರುವುದು

ಆಯ್ದದ್ದನ್ನು ಮಾತ್ರ ಕಾಪಿ ಮಾಡಬೇಡಿ. ಕಾರ್ಡಿನಲ್ಲಿರುವ ಎಲ್ಲವನ್ನೂ ಹಾರ್ಡ್‌ಡಿಸ್ಕ್‌ಗೆ ತಂದು, ಇನ್ನೊಂದು ಡಿಸ್ಕ್‌ಗೂ ಪ್ರತಿ ಇಟ್ಟುಕೊಳ್ಳಿ. ಸ್ಟಾರ್ ಇಲ್ಲದ ಫೋಟೊ ಎಂದರೆ ಬೇಡದ ಫೋಟೊ ಎಂದಲ್ಲ, ಇನ್ನೂ ನೋಡದ ಫೋಟೊ ಎಂದಷ್ಟೇ.

ಲೈಟ್‌ರೂಮ್ ಕ್ಲಾಸಿಕ್ ಬಳಸುವವರಿಗೆ ಮೂರು ಮಾತು. ಇಂಪೋರ್ಟ್ ಕಿಟಕಿಯಲ್ಲಿ ಸ್ಟಾರ್ ಪ್ರಕಾರ ವಿಂಗಡಿಸಲು ಆಗದು. ಅಲ್ಲಿ ಕಾಣುತ್ತಿಲ್ಲ ಎಂದು ಗಾಬರಿ ಬೇಡ, ಒಳಗೆ ಬಂದ ಮೇಲೆ ಕಾಣುತ್ತವೆ. ಪ್ರಿವ್ಯೂಗೆ ‘ಎಂಬೆಡೆಡ್ ಆ್ಯಂಡ್ ಸೈಡ್‌ಕಾರ್’ ಆರಿಸಿದರೆ ಕ್ಯಾಮೆರಾ ಇಟ್ಟಿರುವ ಜೆಪೆಗ್ ಪ್ರತಿಯನ್ನೇ ತೋರಿಸುವುದರಿಂದ ಹಳೆಯ ಕಂಪ್ಯೂಟರ್‌ನಲ್ಲೂ ಬೇಗ ತೆರೆಯುತ್ತದೆ. ಮೂರನೆಯದು ಎಲ್ಲರನ್ನೂ ಕಾಡುವ ತೊಂದರೆ: ಹೆಸರು, ಕಾಪಿರೈಟ್ ತುಂಬಲು ಮಾಡಿಕೊಂಡ ಮೆಟಾಡೇಟಾ ಪ್ರಿಸೆಟ್. ಅದರಲ್ಲಿ ರೇಟಿಂಗ್‌ನ ಚೌಕಕ್ಕೆ ಟಿಕ್ ಬಿದ್ದು ಜಾಗ ಖಾಲಿ ಇದ್ದರೆ, ಇಂಪೋರ್ಟ್ ಆಗುವಾಗ ಆ ಖಾಲಿಯೇ ನಿಮ್ಮ ಸ್ಟಾರ್‌ಗಳ ಮೇಲೆ ಕೂತು ಎಲ್ಲವನ್ನೂ ಅಳಿಸುತ್ತದೆ. ಪರೀಕ್ಷೆಯಲ್ಲಿ ಸ್ಟಾರ್ ಬರದಿದ್ದರೆ ಕ್ಯಾಮೆರಾವನ್ನು ದೂರುವ ಮುಂಚೆ ಆ ಪ್ರಿಸೆಟ್ ತೆರೆದು ಟಿಕ್ ತೆಗೆಯಿರಿ.

ಇಂಪೋರ್ಟ್‌ಗೆ ಮುಂಚೆ ಕೊಟ್ಟ ಸ್ಟಾರ್ ಮಾತ್ರ ಲೈಟ್‌ರೂಮ್‌ಗೆ ಬರುತ್ತದೆ; ಇಂಪೋರ್ಟ್ ಮುಗಿದ ಮೇಲೆ ಕ್ಯಾಮೆರಾದಲ್ಲಿ ಹೊಸದಾಗಿ ಕೊಟ್ಟದ್ದು ಬರುವುದಿಲ್ಲ. ಆದ್ದರಿಂದ ಕಾರ್ಡ್ ತೆಗೆಯುವ ಮುಂಚೆ ಕೊನೆಯ ಸುತ್ತು ಮುಗಿಸಿ.

ಡಾರ್ಕ್‌ಟೇಬಲ್ ಉಚಿತ. ಆದರೆ ಇಂಪೋರ್ಟ್ ಮಾಡುವಾಗ ಫೈಲಿನಲ್ಲಿರುವ ರೇಟಿಂಗನ್ನು ಕಡೆಗಣಿಸು ಎಂಬ ಆಯ್ಕೆ ಇದೆ, ಅದು ಆಫ್ ಆಗಿರಲಿ. ಫೋಟೊಶಾಪ್‌ನಲ್ಲೇ ಆಲ್ಬಂ ಮಾಡುವವರಿಗೆ ಅಡೋಬಿ ಬ್ರಿಡ್ಜ್ ಸಾಕು. ಅದರ ಫಿಲ್ಟರ್ ಫಲಕದಲ್ಲಿ ಎಷ್ಟು ಫೋಟೊಗೆ ಎಷ್ಟು ಸ್ಟಾರ್ ಎಂಬ ಲೆಕ್ಕವೇ ಸಿಗುತ್ತದೆ.

ಹಂತ 7: ದೊಡ್ಡ ಪರದೆಯ ಮೇಲೆ

ಲೈಟ್‌ರೂಮ್‌ನ ಗ್ರಿಡ್‌ನಲ್ಲಿ ಹಿಮ್ಮುಖ ಓರೆಗೆರೆಯ ಕೀ ಒತ್ತಿದರೆ ಫಿಲ್ಟರ್ ಪಟ್ಟಿ ತೆರೆಯುತ್ತದೆ. ಮೊದಲು ಎರಡು ಸ್ಟಾರ್ ಮಾತ್ರ ತೋರಿಸಿ, ತಿದ್ದಿ, ರಾತ್ರಿಯೇ ಕಳಿಸಿಬಿಡಿ. ಮರುದಿನ “ಒಂದು ಮತ್ತು ಮೇಲೆ” ಎಂದಿಟ್ಟು ಆ 200 ಫೋಟೊ ನೋಡಿ. ಆಲ್ಬಂಗೆ ಖಾತ್ರಿಯಾದದ್ದಕ್ಕೆ ಕೀಬೋರ್ಡಿನ 3, ಪೂರ್ತಿ ಪುಟಕ್ಕೆ ಹಾಕುವಂಥದ್ದಕ್ಕೆ 5. ಒಂದು ಫೋಟೊಗೆ ಎಂಟು ಸೆಕೆಂಡು ಕೊಟ್ಟರೂ 1,600 ಸೆಕೆಂಡು, ಅರ್ಧ ತಾಸಿನೊಳಗೆ ಮುಗಿಯುತ್ತದೆ.

ಆಮೇಲೆ ಫಿಲ್ಟರ್ ತೆಗೆದು ಒಮ್ಮೆ ಎಲ್ಲವನ್ನೂ ಸಣ್ಣ ಚಿತ್ರಗಳಲ್ಲಿ ಓಡಿಸಿ. ಈ ಸುತ್ತನ್ನು ಬಿಡಬೇಡಿ. ಇಲ್ಲಿ ಹುಡುಕುವುದು ಇನ್ನೂ ಒಳ್ಳೆಯ ಫೋಟೊವನ್ನಲ್ಲ, ಬಿಟ್ಟುಹೋದ ಶಾಸ್ತ್ರವನ್ನು, ಬಿಟ್ಟುಹೋದ ಮುಖವನ್ನು. ಸುರಿಗಿ ನೀರಿನ ಫೋಟೊ ಇದೆಯೇ, ಎರಡೂ ಕಡೆಯ ಅಜ್ಜ–ಅಜ್ಜಿ ಒಂದರಲ್ಲಾದರೂ ಇದ್ದಾರೆಯೇ, ತಾಳಿ ಕಟ್ಟುವುದು ಎರಡು ಕೋನದಿಂದ ಇದೆಯೇ ನೋಡಿ. ಕ್ಯಾಮೆರಾದಲ್ಲಿ ಆರಿಸುವಾಗ ಕಣ್ಣು ಚೆಂದದ್ದರ ಕಡೆಗೇ ಹೋಗುತ್ತದೆ. ಮನೆಯವರಿಗೆ ಚೆಂದಕ್ಕಿಂತ ತಮ್ಮವರೆಲ್ಲ ಇರುವುದು ಮುಖ್ಯ.

ರೇಟಿಂಗ್ ಇಲ್ಲದ ಹಳೆಯ ಕ್ಯಾಮೆರಾ ಇದ್ದರೆ

‘ಪ್ರೊಟೆಕ್ಟ್’ ಬಳಸಿ. ಬೀಗ ಅಥವಾ ಕೀಲಿಯ ಚಿತ್ರವಿರುವ ಬಟನ್, ಇಲ್ಲವೇ ಪ್ಲೇಬ್ಯಾಕ್ ಮೆನುವಿನಲ್ಲಿ ಇದೇ ಹೆಸರಿನ ಆಯ್ಕೆ. ಬೇಕಾದ ಫೋಟೊಗೆ ಬೀಗ ಹಾಕುತ್ತ ಹೋಗಿ. ಫೋಟೊ ಮೆಕ್ಯಾನಿಕ್‌ನಲ್ಲಿ ಕಾರ್ಡಿನಿಂದ ಬೀಗ ಹಾಕಿದ್ದನ್ನು ಮಾತ್ರ ತರುವ ಸೌಲಭ್ಯವಿದೆ. ಅದಿಲ್ಲದವರು ಕಾರ್ಡನ್ನು ವಿಂಡೋಸ್‌ನಲ್ಲಿ ತೆರೆದು, ವಿವರ ನೋಟದಲ್ಲಿ ‘ಆಟ್ರಿಬ್ಯೂಟ್ಸ್’ ಕಾಲಂ ತೋರಿಸಿಕೊಂಡರೆ ಬೀಗದ ಫೈಲುಗಳಿಗೆ ‘ಆರ್’ ಅಕ್ಷರ ಇರುತ್ತದೆ. ಆ ಕಾಲಂ ಮೇಲೆ ವಿಂಗಡಿಸಿ, ಆ ಫೈಲುಗಳನ್ನು ಬೇರೆ ಫೋಲ್ಡರ್‌ಗೆ ಕಾಪಿ ಮಾಡಿ.

ಎರಡು ಸಂಗತಿ ಮರೆಯಬೇಡಿ. ಬೀಗ ಹಾಕಿದ ಫೋಟೊ ಡಿಲೀಟ್‌ನಿಂದ ಉಳಿಯುತ್ತದೆ, ಫಾರ್ಮ್ಯಾಟ್‌ನಿಂದ ಉಳಿಯುವುದಿಲ್ಲ. ಮತ್ತು ಕಾಪಿಯಾದ ಮೇಲೂ ಆ ಫೈಲುಗಳು ‘ರೀಡ್ ಓನ್ಲಿ’ ಆಗಿಯೇ ಇರುವುದರಿಂದ ಸಾಫ್ಟ್‌ವೇರ್ ಅವುಗಳಿಗೆ ಬರೆಯಲಾಗದೆ ದೋಷ ತೋರಿಸುತ್ತದೆ. ಫೋಲ್ಡರ್‌ನ ಎಲ್ಲ ಫೈಲುಗಳನ್ನು ಆರಿಸಿ, ಪ್ರಾಪರ್ಟೀಸ್‌ಗೆ ಹೋಗಿ, ಆ ಟಿಕ್ ತೆಗೆದ ಮೇಲೆಯೇ ಎಡಿಟಿಂಗ್ ಶುರು ಮಾಡಿ.